ಪಾರ್ಸಲ್ಲಿನ ಹಣೆಗೆ ವಿಭೂತಿ

ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಟಪಾಲು ಚೀಟಿ ಕಂಪ್ಯೂಟರ್‌ನಾಗ ನಾವೇ ಪ್ರಿಂಟ್ ಮಾಡ್ಕೊಳ್ಳೋದು ಚಲೋನೋ, ಪೋಸ್ಟಿಗೆ ಹೋಗಿ ಸ್ಟ್ಯಾಂಪ್ ಹಚ್ಚೋದು ಚಲೋನೋ?" ನಾನು ಎರಡನ್ನೂ ಮಾಡಿದವನು, ಎರಡರಲ್ಲೂ ಮಂಗ ಆದವನು. ಹಾಗಾಗಿ ಉತ್ತರ ಹೇಳುವ ಹಕ್ಕು ನನಗಿದೆ. ಆದರೆ ಒಂದು ಮಾತಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ, ಸ್ವಲ್ಪ ಕೂತು ಕೇಳಬೇಕು.

ನಾನು ಕಾಶಿನಾಥ. ಬಸವಕಲ್ಯಾಣದ ಪೇಟೆಯಲ್ಲಿ ಅಣ್ಣೆಪ್ಪ ಸಾವಕಾರರ ಅಂಗಡಿಗೆ ತಲೆ ತುಂಬ ಕೂದಲಿದ್ದಾಗ ಸೇರಿದೆ, ಬಾಚಣಿಗೆಗೆ ಕೆಲಸ ಇಲ್ಲದಾಗ ಹೊರಬಂದೆ. ಅಂಗಡಿಯಲ್ಲಿ ವಿಭೂತಿ, ರುದ್ರಾಕ್ಷಿ, ಶಿವದಾರ, ಲಿಂಗದ ಕರಡಿಗೆ ಮಾರುತ್ತಿದ್ದರು. ಕಲ್ಯಾಣಕ್ಕೆ ಬಂದುಹೋದ ಭಕ್ತರು ತಮ್ಮೂರಿಗೆ ಮುಟ್ಟಿದ ಮೇಲೆ ಕಾರ್ಡು ಬರೆದು ಮತ್ತೆ ತರಿಸಿಕೊಳ್ಳುತ್ತಿದ್ದರು. ಆ ಪಾರ್ಸಲ್ ಕಟ್ಟಿ ಕಳಿಸುವುದು ನನ್ನ ಕೆಲಸ. ಸಾವಕಾರರು "ರವಾನೆ ವಿಭಾಗ" ಎಂದು ಬೋರ್ಡು ಬರೆಸಿ ಹಾಕಿದ್ದರು. ವಿಭಾಗ ಅಂದರೆ ನಾನು, ಒಂದು ತಕ್ಕಡಿ, ಒಂದು ದಬ್ಬಣ.

ಆಗ ಸ್ಟ್ಯಾಂಪಿಗೆ ನಾಲಿಗೆಯೇ ನೀರು. ಸಾವಕಾರರು ಬಟ್ಟಲಿನಲ್ಲಿ ಒದ್ದೆ ಸ್ಪಂಜು ಇಟ್ಟುಕೊಟ್ಟಿದ್ದರು. ಅದಕ್ಕೆ ದಿನಾ ನೀರು ಹಾಕಬೇಕು, ನಾಲಿಗೆಗೆ ಆ ತಕರಾರಿಲ್ಲ. ಒಂದು ಸೋಮವಾರ ನಾನು ಉಪವಾಸ ಇದ್ದಾಗ ನನ್ನ ಹೆಂಡತಿ ಮಹಾದೇವಿ ಬಾಗಿಲಲ್ಲಿ ತಡೆದು ಕೇಳಿದಳು.

"ಉಪವಾಸ ಅಂತೀರಿ, ಅಂಗಡ್ಯಾಗ ಕೂತು ನಲವತ್ತು ಸ್ಟ್ಯಾಂಪು ನೆಕ್ಕತೀರಿ. ಆ ಗೋಂದು ಯಾತರದ್ದು, ಗೊತ್ತದೇನು?"

ನನಗೆ ಗೊತ್ತಿರಲಿಲ್ಲ. ದಿಗಿಲಾಗಿ ನಮ್ಮ ಓಣಿಯ ಅಯ್ಯನವರನ್ನು ಕೇಳಿದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ವಿಚಾರ ಮಾಡಿದರು. ಕಡೆಗೆ, "ನೆಕ್ಕು, ಆದ್ರ ನುಂಗಬ್ಯಾಡ" ಎಂದರು. ಅಂದಿನಿಂದ ಸೋಮವಾರ ಮಾತ್ರ ಸ್ಪಂಜಿಗೆ ನೀರು ಬಿತ್ತು.

ವಿಳಾಸದ ಚೀಟಿ ಅಂಟಿಸಲು ಮೈದಾ ಹಿಟ್ಟಿನ ಸರಿ ಕುದಿಸುತ್ತಿದ್ದೆವು. ಒಮ್ಮೆ ಪೋಸ್ಟಿನ ಕಟ್ಟೆಯ ಮೇಲೆ ಚೀಲ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಒಂದು ಆಡು ಮೂರು ಪಾರ್ಸಲ್ಲಿನ ಚೀಟಿಯನ್ನು ಸರಿಯ ಸಮೇತ ತಿಂದು ನಿಂತಿತ್ತು. ಸಾವಕಾರರು ಕೆಂಡವಾಗಿ, "ಯಾರ್‍ಯಾರ ವಿಳಾಸ ತಿಂದದೋ?" ಎಂದರು. "ಆಡಿಗೇ ಕೇಳ್ಬೇಕ್ರಿ" ಅಂದೆ. ಸುಮ್ಮನಿದ್ದಿದ್ದರೆ ಬೈಗುಳ ಅಲ್ಲಿಗೇ ಮುಗಿಯುತ್ತಿತ್ತು. ಈಗಿನವರೂ ಇದೊಂದು ನೆನಪಿಡಿ, ವಿಳಾಸದ ಇನ್ನೊಂದು ಚೀಟಿಯನ್ನು ಪಾರ್ಸಲ್ಲಿನ ಒಳಗೂ ಹಾಕಬೇಕು. ಕಂಪ್ಯೂಟರ್ ಬಂದರೂ ಆಡು ಎಲ್ಲಿಗೂ ಹೋಗಿಲ್ಲ.

ನಮ್ಮ ಅಂಗಡಿಗೆ ಒಂದು ಪದ್ಧತಿ ಇತ್ತು. ಸಾವಕಾರರ ತಾಯಿಯವರು ಹಾಕಿಕೊಟ್ಟದ್ದು: ಈ ಮನೆಯಿಂದ ಹೊರಗೆ ಹೋಗುವುದು ಏನೇ ಇರಲಿ, ಬೋಳು ಹಣೆಯಲ್ಲಿ ಹೋಗಬಾರದು. ಪಾರ್ಸಲ್ ಕಟ್ಟಿ ಮುಗಿದ ಮೇಲೆ ಮೂರು ಬೆರಳಿಗೆ ನೆನೆದ ವಿಭೂತಿ ಹಚ್ಚಿಕೊಂಡು ಮೇಲ್ಭಾಗದಲ್ಲಿ ಅಡ್ಡಕ್ಕೆ ಎಳೆಯಬೇಕು. ಸ್ಟ್ಯಾಂಪಿನ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಪೋಸ್ಟಿನ ಕೌಂಟರಿನ ಸಾಹೇಬರು ಒಂದು ಸಲ ಸೀನಿ, ಆಮೇಲೆ ಠಸ್ಸೆ ಹೊಡೆಯುತ್ತಿದ್ದರು.

ಆ ದಿನಗಳಲ್ಲೇ ಮೋರಖಂಡಿಯ ನಿಂಗಮ್ಮ ಅಂಗಡಿಗೆ ಬಂದಳು. ಗಂಡ ತೀರಿಕೊಂಡಿದ್ದ, ಮಗ ಸೊಸೆಯ ಜೊತೆ ಇದ್ದಳು, ಕೂಲಿಗೆ ಹೋಗುವ ಗಟ್ಟಿ ಮುದುಕಿ. ಒಂದು ವರ್ಷದ ದುಡ್ಡನ್ನು ಮುಂಗಡ ಇಟ್ಟು, "ತಿಂಗಳಿಗೊಂದು ಇಬತ್ತಿ ಗಟ್ಟಿ ಟಪಾಲಿನಾಗ ಕಳಸ್ರಿ" ಎಂದಳು. ಇಬತ್ತಿ ಅಂದರೆ ನಮ್ಮ ಕಡೆಯ ಬಾಯಿಯಲ್ಲಿ ವಿಭೂತಿ.

"ಆಯಿ, ಇಲ್ಲೀತನ ಬಂದೀದಿ. ಹನ್ನೆರಡೂ ಈಗೇ ಒಯ್ಯಲ್ಲ?"

"ಬ್ಯಾಡಪ. ಟಪಾಲಿನಾಗೇ ಬರ್ಲಿ."

ಮೋರಖಂಡಿ ನಮ್ಮದೇ ತಾಲೂಕಿನ ಊರು. ಬಸ್ಸು ಹತ್ತಿ ಕೂತು ಎಲೆ ಅಡಿಕೆ ಹಾಕಿಕೊಂಡರೆ ಉಗುಳುವಷ್ಟರಲ್ಲಿ ಬರುತ್ತದೆ. ವಿಭೂತಿಗಿಂತ ಟಪಾಲು ಖರ್ಚೇ ಹೆಚ್ಚು. ಮುದುಕಿಗೆ ಅರಳು ಮರಳು ಎಂದುಕೊಂಡೆವು. ಆದರೂ ಗಿರಾಕಿ ಗಿರಾಕಿಯೇ, ಅವಳು ವರ್ಷಾ ವರ್ಷಾ ದುಡ್ಡು ಕಟ್ಟಿದಳು, ನಾನು ಕಳಿಸುತ್ತ ಹೋದೆ.

ಮುಂದೆ ಸಾವಕಾರರು ಹುಮನಾಬಾದಿನಲ್ಲಿ ಎರಡನೇ ಅಂಗಡಿ ತೆರೆದರು. ಲೆಕ್ಕಕ್ಕೆಂದು ಅಲ್ಲಿ ಕಂಪ್ಯೂಟರ್ ಇಟ್ಟು, ಅದನ್ನು ನೋಡಿಕೊಳ್ಳಲು ಶಬಾನಾಳನ್ನು ನೇಮಿಸಿದರು. ಎರಡು ಮಕ್ಕಳ ತಾಯಿ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಂದು ದಿನ ಅವಳೇ ಸಾವಕಾರರಿಗೆ ತೋರಿಸಿದಳು: ವಿಳಾಸ, ತೂಕ ಹಾಕಿ ಆನ್‌ಲೈನಿನಲ್ಲೇ ಟಪಾಲು ಖರ್ಚು ಕಟ್ಟಿದರೆ ಚೀಟಿ ನಮ್ಮ ಪ್ರಿಂಟರಿನಲ್ಲೇ ಬರುತ್ತದೆ. ಅಂಟಿಸಿ ಕೌಂಟರಿಗೆ ಕೊಟ್ಟರೆ ಸಾಕು. ಚೀಟಿಯ ಮೇಲಿನ ಕರಿ ಗೆರೆಗಳ ಮೇಲೆ ಅವರು ಬೆಳಕಿನ ಯಂತ್ರ ಹಿಡಿಯುತ್ತಾರೆ, ಟಿಕ್ ಅಂದರೆ ಕೆಲಸ ಮುಗಿಯಿತು. ಸಾವಕಾರರಿಗೆ ಖುಷಿಯೋ ಖುಷಿ. ಆದರೆ ಇನ್ನೊಂದು ಕಂಪ್ಯೂಟರ್ ಕೊಳ್ಳಲು ಮನಸ್ಸು ಬರಲಿಲ್ಲ. ಹೀಗಾಗಿ ಕಂಪ್ಯೂಟರ್ ಹುಮನಾಬಾದಿನಲ್ಲಿ, ಮಾಲು ಬಸವಕಲ್ಯಾಣದಲ್ಲಿ. ನಾನು ಫೋನಿನಲ್ಲಿ ವಿಳಾಸ, ತೂಕ ಹೇಳಬೇಕು, ಅವಳು ಚೀಟಿ ತೆಗೆದು ಬಸ್ಸಿನವರ ಕೈಯಲ್ಲಿ ಕಳಿಸಬೇಕು.

ಮೊದಲ ವಾರದಲ್ಲೇ ನನ್ನ ಬುದ್ಧಿವಂತಿಕೆ ತೋರಿಸಿದೆ. ಮಗುವಿಗೆ ಜ್ವರ ಬಂದು ಶಬಾನಾ ರಜೆ ಹಾಕಿದ್ದಳು. ನನ್ನ ಬಳಿ ಹಿಂದಿನ ದಿನದ ಒಂದು ಚೀಟಿ ಉಳಿದಿತ್ತು, ಮೂವತ್ತು ಪಾರ್ಸಲ್ ಕಾದು ಕೂತಿದ್ದವು. ಇಷ್ಟಕ್ಕೆ ಕೆಲಸ ನಿಲ್ಲಿಸುವುದೇ ಎಂದು ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ಮೂವತ್ತು ಪ್ರತಿ ತೆಗೆಸಿ, ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ, ನನ್ನ ದುಂಡು ಅಕ್ಷರದಲ್ಲಿ ಬೇರೆ ಬೇರೆ ವಿಳಾಸ ಬರೆದು ಹೆಮ್ಮೆಯಿಂದ ಕೌಂಟರಿಗೆ ಇಟ್ಟೆ.

ಸಾಹೇಬರು ಮೊದಲನೆಯದಕ್ಕೆ ಯಂತ್ರ ಹಿಡಿದರು, ಎರಡನೆಯದಕ್ಕೆ ಹಿಡಿದರು, ಮೂರನೆಯದಕ್ಕೆ ಹಿಡಿದು ಕನ್ನಡಕ ತೆಗೆದರು.

"ಕಾಶಿನಾಥ, ಇವು ಎಲ್ಲಾ ಒಂದೇ ನಂಬರ್ ಅದಾವಲ್ಲ?"

"ಹೌದ್ರಿ ಸಾಹೇಬ್ರ. ಎಲ್ಲಾ ನಮ್ಮ ಒಂದೇ ಅಂಗಡೀವು ಅಲ್ಲೇನ್ರಿ?"

"ನಿಮ್ಮ ಮನ್ಯಾಗ ಎಲ್ಲರಿಗೂ ಒಂದೇ ಆಧಾರ್ ನಂಬರ್ ಅದೇನು? ಇದಕ್ಕ ಖೋಟಾ ಅಂತಾರ ಮಾರಾಯ. ಬೇರೆಯವ್ರು ಕೂತಿದ್ರ ನೀ ಇವತ್ತ ಠಾಣ್ಯಾಗ ಇರ್ತಿದ್ದಿ."

ಮೂವತ್ತೂ ಪಾರ್ಸಲ್ಲನ್ನು ಚೀಲಕ್ಕೆ ತುಂಬಿಕೊಂಡು ಬಂದೆ. ಸಂಜೆ ಶಬಾನಾಳಿಗೆ ಫೋನಿನಲ್ಲಿ ಹೇಳಿದರೆ ಅವಳು ನಕ್ಕಿದ್ದಕ್ಕೆ ಮಗುವೂ ಎದ್ದು ನಕ್ಕಿತು. ಜ್ವರ ಬಿಟ್ಟಿತ್ತೆಂದು ಕಾಣುತ್ತದೆ.

ಮಳೆಗಾಲ ಇನ್ನೊಂದು ಪಾಠ ಕಲಿಸಿತು. ವಿಭೂತಿ ಗಾಳಿಯ ತೇವ ಕುಡಿಯುತ್ತದೆ. ಸೋಮವಾರ ನಾನು ತೂಗಿ ಹುಮನಾಬಾದಿಗೆ ಹೇಳುವುದು, ಬುಧವಾರ ಚೀಟಿ ಬಂದು ಅಂಟಿಸಿ ಕೌಂಟರಿಗೆ ಒಯ್ಯುವಷ್ಟರಲ್ಲಿ ಗಟ್ಟಿ ದಪ್ಪಗಾಗಿರುವುದು. ಸ್ಟ್ಯಾಂಪಿನ ಕಾಲದಲ್ಲಾದರೆ ಅಲ್ಲೇ ಕಿಸೆಯಿಂದ ಇನ್ನೊಂದು ಸ್ಟ್ಯಾಂಪು ತೆಗೆದು ಬಡಿಯುತ್ತಿದ್ದೆ. ಪ್ರಿಂಟಾದ ಚೀಟಿಗೆ ಆ ದಯೆ ಇಲ್ಲ. "ತೂಕ ಹೆಚ್ಚಾಗ್ಯದ, ಹೊಸ ಚೀಟಿ ತಾ" ಎಂದರೆ ಮತ್ತೆ ಹುಮನಾಬಾದು, ಮತ್ತೆ ಬಸ್ಸು. "ಸಾಹೇಬ್ರ, ಅದು ತೂಕ ಅಲ್ರಿ, ಮಳಿ" ಎಂದು ವಾದಿಸಿ ನೋಡಿದೆ. "ಮಳಿಗೂ ಟಪಾಲು ಖರ್ಚು ಅದ" ಎಂದರು. ಅದಕ್ಕೇ ಹೇಳುವುದು, ಮನೆಯಲ್ಲಿ ತೂಗುವವರು ಪ್ಲಾಸ್ಟಿಕ್ ಸುತ್ತಿ ತೂಗಬೇಕು, ತಕ್ಕಡಿಯನ್ನು ಆಗಾಗ ತಪಾಸಣೆ ಮಾಡಿಸಬೇಕು. ಅನುಮಾನ ಬಂದರೆ ಒಂದು ಮೆಟ್ಟಿಲು ಮೇಲಿನ ದರವನ್ನೇ ಕಟ್ಟಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಹಾಗೆ ನಾನು ಆ ಮಳೆಗಾಲವಿಡೀ ಅವರ ತಕ್ಕಡಿಯನ್ನೇ ಬೈದೆ.

ಹಾಗೆಂದು ಹೊಸ ಪದ್ಧತಿಯನ್ನು ಪೂರಾ ಬೈದರೆ ಅದು ಸುಳ್ಳಾಗುತ್ತದೆ. ಸಾಲಿನಲ್ಲಿ ನಿಂತು ಕಾಲು ಊದುವುದು ತಪ್ಪಿತು. ಒಮ್ಮೆ ಹಾಕಿದ ವಿಳಾಸ ಮತ್ತೆ ಬರೆಯಬೇಕಿಲ್ಲ. ಪಾರ್ಸಲ್ ಎಲ್ಲಿದೆ ಎಂದು ಕೂತಲ್ಲೇ ಕಾಣುತ್ತದೆ. ಒಬ್ಬ ಗಿರಾಕಿ ತನ್ನ ಬೆಳ್ಳಿ ಕರಡಿಗೆ ಮುಟ್ಟಿಲ್ಲ ಎಂದು ವಾರಗಟ್ಟಲೆ ಫೋನಿನಲ್ಲಿ ಕೂಗಾಡಿದ. ಶಬಾನಾ ನೋಡಿ, "ಸಾಹೇಬ್ರ, ನಿಮ್ಮ ಅತ್ತಿಯವ್ರು ಸಹಿ ಮಾಡಿ ತಗೊಂಡಾರ" ಎಂದಳು. ಆ ಕಡೆ ಫೋನು ಇಟ್ಟ ಸಪ್ಪಳ. ಅವರ ಮನೆಯಲ್ಲಿ ಮುಂದೇನಾಯಿತೋ ಆ ಶಿವನೇ ಬಲ್ಲ.

ಪಾರ್ಸಲ್ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವುದು ನನಗೂ ಚಟವಾಯಿತು. ನಿಂಗಮ್ಮನ ಗಟ್ಟಿ ಪಕ್ಕದ ಮೋರಖಂಡಿಗೆ ಹೋಗಲು ದೂರದ ದೊಡ್ಡ ಊರು ನೋಡಿಕೊಂಡು ಬರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಮೊದಲೂ ಹಾಗೇ ಸುತ್ತುತ್ತಿತ್ತೇನೋ, ಆಗ ಕಾಣುತ್ತಿರಲಿಲ್ಲ, ನಾನು ನೆಮ್ಮದಿಯಾಗಿದ್ದೆ. ಚೀಟಿಗೆ ಮೊಬೈಲ್ ನಂಬರ್ ಬೇಕೇ ಬೇಕು. ನಿಂಗಮ್ಮನ ಹತ್ತಿರ ಮೊಬೈಲ್ ಇರಲಿಲ್ಲ, ನನ್ನದನ್ನೇ ಹಾಕಿಸಿದ್ದೆ.

ಈ ಹೊಸ ಚೀಟಿ ಪಾರ್ಸಲ್ಲಿನ ಮುಖವನ್ನೆಲ್ಲ ಮುಚ್ಚುತ್ತಿತ್ತು. "ಕಾಕಾ, ಗೆರಿ ಮ್ಯಾಲ ಏನೂ ಬರೀಬ್ಯಾಡ್ರಿ" ಎಂದು ಶಬಾನಾ ತಾಕೀತು ಮಾಡಿದ್ದರಿಂದ ವಿಭೂತಿ ಎಳೆಯುವುದನ್ನು ನಿಲ್ಲಿಸಿದ್ದೆ. ಮೊದಲ ತಿಂಗಳೇ ನಿಂಗಮ್ಮನ ಪಾರ್ಸಲ್ ತಿರುಗಿ ಬಂತು. ಪಡೆಯಲು ನಿರಾಕರಿಸಿದ್ದಾರೆ ಎಂದು ಬರೆದಿತ್ತು. ಆಷಾಢ ಮುಗಿಯುತ್ತಿತ್ತು. ಪಾರ್ಸಲ್ ಬಗಲಿಗೆ ಹಾಕಿಕೊಂಡು ನಾನೇ ಮೋರಖಂಡಿಯ ಬಸ್ಸು ಹತ್ತಿದೆ.

ಮುದುಕಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದಳು.

"ಆಯಿ, ಯಾಕ ವಾಪಸ್ ಕಳಿಸಿದಿ?"

"ಅದು ನಂದಲ್ಲಪ. ಬಿಳಿ ಕಾಗದ, ಕರಿ ಗೆರಿ. ಕೋರ್ಟಿನ ನೋಟಿಸ್ ಇದ್ದಂಗ ಇತ್ತು. ನಂದು ಅಂದ್ರ ಹಣಿ ಮ್ಯಾಲ ಇಬತ್ತಿ ಇರ್ತದ."

"ಒಳಗ ಪೂರಾ ಇಬತ್ತೀನೇ ಅದಲ್ಲ ಆಯಿ."

"ಒಳಗಿಂದು ಬಿಚ್ಚಿದ ಮ್ಯಾಲ ಕಾಣ್ತದ. ಬಿಚ್ಚಬೇಕೋ ಬ್ಯಾಡೋ ಅಂತ ಮ್ಯಾಲಿಂದು ಹೇಳಬೇಕಲ್ಲ? ನಂಗ ಓದಾಕ ಬರ್ತದೇನು?"

ತಂದ ಗಟ್ಟಿಯನ್ನು ಕೈಗೆ ಕೊಡಲು ಹೋದರೆ ಮುಟ್ಟಲಿಲ್ಲ. ಅವಳ ಹಳೆಯ ಗಟ್ಟಿ ಸವೆದು ಉಗುರಿನಷ್ಟಾಗಿತ್ತು, ಶ್ರಾವಣ ಬಾಗಿಲಿಗೆ ಬಂದಿತ್ತು. ಆದರೂ ಬೇಡವಂತೆ. ಇಷ್ಟು ವರ್ಷ ಕೇಳದೆ ಬಿಟ್ಟಿದ್ದನ್ನು ಆಗ ಕೇಳಿದೆ.

"ಟಪಾಲಿನಾಗೇ ಯಾಕ ಬೇಕು ಆಯಿ?"

ಅವಳು ಮೊರವನ್ನು ಕೆಳಗಿಟ್ಟಳು. "ಈ ಓಣ್ಯಾಗ ನನ್ನ ಹೆಸರು ಯಾರ ಬಾಯಾಗ ಅದಪ? ಸಣ್ಣಾಕಿ ಇದ್ದಾಗ ಅಪ್ಪನ ಮಗಳು. ಆಮ್ಯಾಲ ಶರಣಪ್ಪನ ಹೇಣ್ತಿ. ಈಗ ಎಲ್ಲರಿಗೂ ಆಯಿ. ತಿಂಗಳಿಗೊಮ್ಮೆ ನಮ್ಮ ಪೋಸ್ಟಿನ ಪಾಂಡಪ್ಪ ಓಣಿ ತುದಿಗಿ ನಿಂತು 'ನಿಂಗಮ್ಮಾ' ಅಂತ ಒದರ್ತಾನ. ಮಂದಿ ಹೊರಗ ಬಂದು ನೋಡ್ತಾರ. ಅದಕ್ಕ ತರಸ್ತೀನಿ."

ಮತ್ತೆ ಮೊರ ಎತ್ತಿಕೊಂಡು ಹೇಳಿದಳು. "ಈ ಸಲ ಅವ ಒದರಲೂ ಇಲ್ಲ. ಓಣ್ಯಾಗ ನಿಂತು ಫೋನ್ ಹಚ್ಚಾಕತ್ತಿದ್ದ."

ಅವನು ಹಚ್ಚಿದ ನಂಬರ್ ನನ್ನದು. ಅಂದು ಅಂಗಡಿಯಲ್ಲಿ ಗೊತ್ತಿಲ್ಲದ ನಂಬರೆಂದು ನಾನು ಎತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಕಳಿಸುತ್ತಿದ್ದುದು ವಿಭೂತಿ ಎಂದುಕೊಂಡಿದ್ದೆ. "ಆಯಿ, ಶ್ರಾವಣದ ಮೊದಲ ಸೋಮವಾರದೊಳಗ ನಿನ್ನ ಪಾರ್ಸಲ್ ಹಣಿಗೆ ಇಬತ್ತಿ ಹಚ್ಕೊಂಡೇ ಬರ್ತದ. ಹೆಸರು ಒದರಿಸ್ಕೊಂಡೇ ಬರ್ತದ" ಎಂದು ಮಾತು ಕೊಟ್ಟು ಬಂದೆ.

ಮಾತು ಕೊಡುವುದು ಸುಲಭ. ಶ್ರಾವಣದ ರಾಶಿ ಪಾರ್ಸಲ್ ಆಗಲೇ ಚೀಟಿ ಅಂಟಿಸಿಕೊಂಡು ಸಿದ್ಧವಾಗಿತ್ತು. ನಾನು ವಿಚಾರ ಮಾಡಿದೆ: ಶಬಾನಾ ಹೇಳಿದ್ದು ಗೆರೆಯ ಮೇಲೆ ಬರೆಯಬೇಡಿ ಎಂದು. ವಿಭೂತಿ ಬರವಣಿಗೆ ಅಲ್ಲವಲ್ಲ? ಅದೂ ಅಲ್ಲದೆ ಒಬ್ಬ ನಿಂಗಮ್ಮನಿಗೆ ಹಚ್ಚಿ ಉಳಿದ ಭಕ್ತರನ್ನು ಬೋಳು ಕಳಿಸುವುದು ಯಾವ ನ್ಯಾಯ? ಬಟ್ಟಲಲ್ಲಿ ವಿಭೂತಿ ನೆನೆಸಿಕೊಂಡು ಕೂತೆ. ನೂರಕ್ಕೂ ಮಿಕ್ಕಿದ ಪಾರ್ಸಲ್ಲಿಗೆ, ಚೀಟಿಯ ನೆತ್ತಿಯಲ್ಲಿದ್ದ ಕರಿ ಗೆರೆಗಳ ಮೇಲೆಯೇ, ಭಕ್ತಿಯಿಂದ ದಪ್ಪಗೆ ಮೂರು ಮೂರು ಎಳೆದೆ. ಒಂದನ್ನೂ ಬಿಡಲಿಲ್ಲ.

ಮರುದಿನ ಕೌಂಟರಿನಲ್ಲಿ ಯಂತ್ರ ಟಿಕ್ ಅನ್ನಲೊಲ್ಲದು. ಸಾಹೇಬರು ಯಂತ್ರ ತಟ್ಟಿದರು, ಊದಿದರು, ವೈರು ಕಿತ್ತು ಮತ್ತೆ ಚುಚ್ಚಿದರು. ಕಡೆಗೆ ಒಂದು ಪಾರ್ಸಲ್ ಎತ್ತಿ ಕಣ್ಣಿನ ಹತ್ತಿರ ತಂದು, ಸೀನಿ, ಅರ್ಥ ಮಾಡಿಕೊಂಡರು.

"ಕಾಶಿನಾಥ, ಇದು ಯಂತ್ರ ಅದಪ್ಪ. ಇದಕ್ಕ ಕರಿ ಗೆರಿ ಬೇಕು, ನಿನ್ನ ಬಿಳಿ ಗೆರಿ ಓದಾಕ ಬರಂಗಿಲ್ಲ."

ನೂರಕ್ಕೂ ಮಿಕ್ಕಿದ ಪಾರ್ಸಲ್ ತಳ್ಳುಗಾಡಿಯಲ್ಲಿ ಮೆರವಣಿಗೆ ಹೊರಟು ಅಂಗಡಿಗೆ ಮರಳಿದವು. ಸುದ್ದಿ ಮುಟ್ಟಿ ಶಬಾನಾ ಹುಮನಾಬಾದಿನಿಂದ ಬಸ್ಸು ಹತ್ತಿ ಬಂದಳು. ಅವಳು ಬರುವಷ್ಟರಲ್ಲಿ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ, ಒದ್ದೆ ಬಟ್ಟೆಯಿಂದ ಒರೆಸಿದ್ದೆ. ಶಾಯಿ, ಬೂದಿ ಕೂಡಿ ಚೀಟಿಗಳೆಲ್ಲ ಎಮ್ಮೆಯ ಮೈಯ ಬಣ್ಣಕ್ಕೆ ತಿರುಗಿದ್ದವು.

ಸಾವಕಾರರು ಗಾದಿಯಿಂದ ಎದ್ದು ಬಂದರು. ಅವರು ಎದ್ದು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಇನ್ಮ್ಯಾಲ ಒಂದು ಪಾರ್ಸಲ್ಲಿಗೂ ಇಬತ್ತಿ ಮುಟ್ಟಿಸಬ್ಯಾಡ. ಶ್ರಾವಣ ಮುಗೀಲಿ, ನೀ ಮನ್ಯಾಗ ಆರಾಮ್ ಕೂಡು. ಬಹಳ ದುಡದೀದಿ." ಬೇರೆಯವರಿಗೆ ನಿವೃತ್ತಿಯ ಆದೇಶ ಕಾಗದದಲ್ಲಿ ಬರುತ್ತದೆ, ನನಗೆ ಬಂದದ್ದು ಹೀಗೆ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾದೆ. ಆದರೆ ನನಗೆ ಚಿಂತೆ ಹತ್ತಿದ್ದು ಕೆಲಸ ಹೋಗುತ್ತದೆ ಎಂದಲ್ಲ. ಮೊದಲ ಸೋಮವಾರಕ್ಕೆ ಒಂದೇ ವಾರ ಉಳಿದಿತ್ತು.

ಸಾವಕಾರರು ಹೋದ ಮೇಲೆ ಶಬಾನಾ ನನ್ನ ಎದುರು ಕೂತಳು.

"ಕಾಕಾ, ನೀವು ಇಷ್ಟು ಬೇಕೂಫ್ ಅಲ್ಲ. ಖರೆ ಹೇಳ್ರಿ, ಯಾಕ ಹಚ್ಚಿದ್ರಿ?"

ನಿಂಗಮ್ಮನ ಕಥೆಯನ್ನೆಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ನಮ್ಮ ಅಮ್ಮೀಗೂ ಓಣ್ಯಾಗ ಯಾರೂ ಹೆಸರು ಹಿಡದು ಕರಿಯಂಗಿಲ್ರಿ" ಎಂದಳು. ಆಮೇಲೆ, "ಮೊದಲೇ ಹೇಳಬಾರ್ದಾಗಿತ್ತಾ?" ಎಂದು ಬೈದು, ಚೀಲದಲ್ಲಿದ್ದ ಮಗನ ಸ್ಕೂಲಿನ ಅಳತೆ ಪಟ್ಟಿ ತೆಗೆದು ಪಾರ್ಸಲ್ ಅಳೆದಳು. ನನ್ನ ಮೂರು ಬೆರಳನ್ನೂ ಅಳೆದಳು.

ಮರುದಿನ ಹುಮನಾಬಾದಿನಿಂದ ಹೊಸ ಚೀಟಿಗಳ ಕಟ್ಟು ಬಂತು. ಅದೇ ಚೀಟಿ, ಆದರೆ ಕಾಗದದ ಕೆಳಗಿನ ಭಾಗದಲ್ಲಿ ಕೂತಿತ್ತು. ಮೇಲೆ ನಾಲ್ಕು ಬೆರಳಷ್ಟು ಖಾಲಿ ಚೌಕ. ಚೌಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಿಂಟಾಗಿತ್ತು: ವಿಭೂತಿಗೆ ಜಾಗ.

ನಿಂಗಮ್ಮನ ಪಾರ್ಸಲ್ಲಿಗೆ ಮೂರು ಗೆರೆ ಎಳೆದು ಕೌಂಟರಿಗೆ ಒಯ್ದೆ. ಸಾಹೇಬರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಪಾರ್ಸಲ್ಲಿನ ಮುಖ ನೋಡಿದರು, ಯಂತ್ರ ಹಿಡಿದರು. ಟಿಕ್.

"ಗೆರಿ ಬಿಟ್ಟು ಎಲ್ಲೆರೆ ಹಚ್ಚು. ನಂದೇನು ಗಂಟು ಹೋಗ್ತದ?" ಎಂದು ಸೀನಿದರು. ಸಾವಕಾರರೂ ಚೌಕವನ್ನು ಎರಡು ಮಗ್ಗುಲು ತಿರುಗಿಸಿ ನೋಡಿ, "ಅವ್ವ ಇದ್ದಿದ್ರ ಖುಷಿ ಪಡ್ತಿದ್ಳು" ಎಂದಷ್ಟೇ ಹೇಳಿ ಗಾದಿಗೆ ಹೋದರು. ನಿವೃತ್ತಿಯ ಆದೇಶ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಇನ್ನು ಉಳಿದದ್ದು ಫೋನಿನ ಕಾಟ. ನಂಬರಿನ ಜಾಗ ಖಾಲಿ ಬಿಡಲು ಬರುವುದಿಲ್ಲ, ನನ್ನದೇ ಇತ್ತು. ನಾನು ಎತ್ತಿದರೆ ಪಾಂಡಪ್ಪ ಕೂಗುವುದಿಲ್ಲ. ಎತ್ತದೆ ಇದ್ದರೆ ಮತ್ತೆ ಮತ್ತೆ ಹಚ್ಚುತ್ತ ನಿಲ್ಲುತ್ತಾನೆ. ಪಾರ್ಸಲ್ ಮೋರಖಂಡಿಗೆ ಹೋಗುವ ಶನಿವಾರ ಮುಂಜಾನೆಯಿಂದಲೇ ಫೋನು ಬಂದ್ ಮಾಡಿ ಡಬ್ಬಿಯೊಳಗೆ ಇಟ್ಟೆ. ಅಂದು ನಾನು ಕಟ್ಟಿದ ಗಂಟುಗಳೆಲ್ಲ ಸಡಿಲಾಗಿದ್ದವು, ಎರಡೆರಡು ಸಲ ಕಟ್ಟಿದೆ. ಸಂಜೆ ಫೋನು ಚಾಲೂ ಮಾಡಿದಾಗ ಪಾರ್ಸಲ್ ಮುಟ್ಟಿದೆ ಎಂಬ ಸಂದೇಶ ಬಂದಿತ್ತು. ಸಂದೇಶಕ್ಕೆ ಏನು ಗೊತ್ತು? ಹಿಂದೆ ಎತ್ತದೆ ಬಿಟ್ಟಿದ್ದ ನಂಬರಿಗೆ, ಪಾಂಡಪ್ಪನಿಗೇ, ಫೋನು ಮಾಡಿ ನನ್ನ ಹೆಸರು ಹೇಳಿದೆ.

"ಏನ್ರಿ ಕಾಶಿನಾಥಣ್ಣ, ಮೂರು ಸಲ ಹಚ್ಚಿದೆ, ಬಂದ್ ಇತ್ತು. ಕಡೀಕ ಓಣಿ ತುದಿಗಿ ನಿಂತು ಒದರಬೇಕಾಯ್ತು."

"ಆಯಿ ತಗೊಂಡ್ಳಾ?"

"ತಗೊಂಡ್ಳು. ಹಣಿ ನೋಡಿದ್ದೇ ಎದಿಗೆ ಒತ್ಕೊಂಡ್ಳು. ಆದ್ರ ಒಂದು ಮಾತ್ರಿ, ಆಕಿ ಬಾಗಲದಾಗೇ ಕೂತಿದ್ಳು, ನಂಗ ಕಾಣಾಕತ್ತಿತ್ತು. ಮೊದಲ ಸಲ ಒದರಿದಾಗ ಏಳಲೇ ಇಲ್ಲ. ಕಿವಿ ಮಂದ ಆಗ್ಯಾವೇನೋ ಅಂತ ಎರಡನೇ ಸಲ ಜೋರಾಗಿ ಒದರಿದೆ, ಆಗ ಎದ್ದಳು."

ಮುದುಕಿಯ ಕಿವಿ ಎಷ್ಟು ಚುರುಕು ಎಂದು ನನಗೆ ಗೊತ್ತು. ಪಾಂಡಪ್ಪನಿಗೆ ಹೇಳಲಿಲ್ಲ.

ಶ್ರಾವಣ ಮುಗಿಯಿತು. ಶಾಲು, ಹಾರ, ಬಾಳೆಹಣ್ಣು ಕೊಟ್ಟು ನನ್ನನ್ನು ಮನೆಗೆ ಕಳಿಸಿದರು. ಮೊದಲ ವಾರ ಆರಾಮ ಎನಿಸಿತು. ಎರಡನೇ ವಾರ ಮಹಾದೇವಿಯ ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಬೈಸಿಕೊಂಡೆ. ಅಂಗಡಿಯಲ್ಲಿ ದಿನಕ್ಕೆ ನೂರು ಸಲ "ಕಾಶಿನಾಥ" ಎನ್ನುತ್ತಿದ್ದರು. ಮನೆಯಲ್ಲಿ ನಾನು "ಏನ್ರಿ", ಮೊಮ್ಮಕ್ಕಳಿಗೆ "ಮುತ್ಯಾ", ಓಣಿಗೆ "ಆ ಇಬತ್ತಿ ಅಂಗಡಿ ಮುದುಕ".

ಒಂದು ಮಧ್ಯಾಹ್ನ ಓಣಿಯ ತುದಿಯಲ್ಲಿ ಸೈಕಲ್ ನಿಂತ ಸಪ್ಪಳವಾಯಿತು. ಕಿಟಕಿಯಿಂದ ನೋಡಿದೆ. ಪೋಸ್ಟಿನವನ ಕೈಯಲ್ಲಿ ಒಂದು ಪುಟ್ಟ ಪಾರ್ಸಲ್, ಅದರ ಹಣೆಯ ಚೌಕದಲ್ಲಿ ಮೂರು ಬಿಳಿ ಗೆರೆ, ಸ್ವಲ್ಪ ಸೊಟ್ಟ. ಎಳೆದ ಕೈ ಹೊಸದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅವನು ಫೋನು ಕಿವಿಗೆ ಹಿಡಿದು ಕಾಯುತ್ತಿದ್ದ. ನನ್ನ ಫೋನು ತೊಡೆಯ ಮೇಲೇ ಇತ್ತು, ರಿಂಗಾಗಲಿಲ್ಲ. ಚೀಟಿಯ ಮೇಲೆ ಶಬಾನಾ ತನ್ನ ನಂಬರ್ ಹಾಕಿ, ತನ್ನ ಫೋನು ಬಂದ್ ಮಾಡಿಕೊಂಡು ಕೂತಿದ್ದಳೆಂದು ಆಮೇಲೆ ತಿಳಿಯಿತು. ಅವನು ಬೇಸತ್ತು ಫೋನು ಕಿಸೆಗೆ ಹಾಕಿ, ಓಣಿ ತುಂಬ ಕೇಳುವ ಹಾಗೆ ಒದರಿದ.

"ಕಾಶಿನಾಥ್ರೀ!"

ಎದುರು ಮನೆಯವರು ಹೊರಗೆ ಬಂದರು. ಮಹಾದೇವಿ ಅಡುಗೆ ಮನೆಯಿಂದ ಇಣುಕಿದಳು.

"ಏನ್ರಿ, ನಿಮಗೇ ಕರಿಯಾಕತ್ತಾನ. ಕೇಳಸವಲ್ದೇನು?"

"ಕೇಳಸ್ತದ" ಎಂದು ಕೂತಲ್ಲೇ ಕೂತೆ. "ತಡಿ, ಇನ್ನೊಮ್ಮೆ ಒದರ್ಲಿ."